ಹರಾಜಿಗೆ ತೋರಿಸುವ ಬುಟ್ಟಿ

ತುಳಸಿದಾಸನನ್ನು ಮಾತಾಡಲು ಕರೆದದ್ದೇ ತಪ್ಪಾಯಿತು ಎಂದು ಬೇಲೇಕೇರಿಯ ಜನ ಆಮೇಲೆ ಆಡಿಕೊಂಡರು. ಕರೆದವಳು ಆರೋಗ್ಯ ಕೇಂದ್ರದ ನಿಶಾ ಸಿಸ್ಟರ್. ಕದ್ವಾಡದ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಹುರುಪು ಜಾಸ್ತಿ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇರುತ್ತದೆ, ಗಂಡಸರು ಮನೆಯಲ್ಲಿ ಸಿಗುತ್ತಾರೆ, ಕರುಳಿನ ಕ್ಯಾನ್ಸರಿನ ತಪಾಸಣೆ ಮಾಡುವುದಾದರೆ ಆಗಲೇ ಮಾಡಬೇಕು ಎಂದು ಶಾಲೆಯ ಕೋಣೆಯಲ್ಲಿ ಒಂದು ಶಿಬಿರ ಇಟ್ಟಳು. ಗೋಡೆಗೆ ಬ್ಯಾನರ್ ಕಟ್ಟಿಸಿ, ಅದರಲ್ಲಿ ತುಳಸಿದಾಸನ ಹೆಸರಿನ ಕೆಳಗೆ ‘ಕ್ಯಾನ್ಸರ್ ಗೆದ್ದವರು’ ಎಂದು ಬರೆಸಿದಳು.

“ತುಳಸಿದಾಸಣ್ಣ, ನಾ ಹೇಳಿದ್ರೆ ಯಾರೂ ಕೇಳೂದಿಲ್ಲ. ನೀವು ಹೇಳಿ. ಮೆತ್ತಗೆ ಹೇಳಿ, ಅಷ್ಟೇ.”

ಮೆತ್ತಗೆ ಹೇಳುವ ಜಾತಿಯವನಲ್ಲ ಅವನು. ಬೋಟನ್ನೂ ಅದರ ಆಳುಗಳನ್ನೂ ನಡೆಸುವ ತಾಂಡೇಲನಾಗಿ ಅರ್ಧ ಆಯುಷ್ಯ ಕಳೆದವನು. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು. ಮಾತು ಶುರುಮಾಡಿದರೆ ಬೈದ ಹಾಗೆಯೇ ಕೇಳುತ್ತಿತ್ತು.

“ಸಂಡಾಸಿಗೆ ಹೋದಾಗ ರಕ್ತ ಬಿದ್ರೆ ಎಲ್ಲಾ ಮೂಲವ್ಯಾಧಿ ಅಂತ್ರಿ,” ಎಂದ. “ನಾನೂ ಅಂದೆ. ಸುಂಕಸಾಳದಿಂದ ಬೇರು ತರ್ಸಿ ಮಜ್ಜಿಗೆಲಿ ಅರ್ದು ಕುಡ್ದೆ. ಹೆಂಡ್ತಿ ಆಸ್ಪತ್ರೆಗೆ ಹೋಗೂವ ಅಂದ್ಲು. ಈ ಸೀಸನ್ ಮುಗೀಲಿ ಅಂದೆ. ಸೀಸನ್ ಮುಗೀತು, ನನ್ನ ಕರುಳೂ ಮುಗೀತು.”

ಮುಂದಿನ ಸಾಲಿನ ಹೆಂಗಸೊಬ್ಬಳು ಆಕಳಿಸಿದಳು. ಹಿಂದಿನಿಂದ ಸೋಮು, ಅವನ ಕೈಕೆಳಗೇ ಬಲೆ ಎಳೆದು ದೊಡ್ಡವನಾದವನು, ಕೂಗಿದ: “ತಾಂಡೇಲ, ಊಟದ ಹೊತ್ತು. ಸಂಡಾಸಿನ ಮಾತು ಎಷ್ಟು ಅಂತ ಆಡ್ತೆ?”

ಕೋಣೆ ನಕ್ಕಿತು. ತುಳಸಿದಾಸನಿಗೆ ಸಿಟ್ಟು ನೆತ್ತಿಗೇರಿತು. ಅಂಗಿಯನ್ನು ಎದೆಯವರೆಗೆ ಎತ್ತಿ ನಿಂತುಬಿಟ್ಟ. ಹೊಟ್ಟೆಯ ಎಡಬದಿಗೆ ಅಂಟಿಸಿದ ಚೀಲ ಎಲ್ಲರಿಗೂ ಕಂಡಿತು, ಅದರೊಳಗಿದ್ದದ್ದೂ ಕಂಡಿತು.

“ನಕ್ಕಳಿ. ನಂಗೆ ಹಿಂದಿನ ಬಾಗಿಲು ಇಲ್ಲ, ಹೊಲ್ದು ಹಾಕಿದಾರೆ. ಸಾಯೂ ತನಕ ಇದೇ ನನ್ನ ಸಂಡಾಸು. ಮೊದಲೇ ತೋರ್ಸಿದ್ರೆ ಇಷ್ಟು ಆಗ್ತಿರಲಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಕಂಡ್ತಾ?”

ಯಾರೂ ನಗಲಿಲ್ಲ. ಆಕಳಿಸಿದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ಬಾಗಿಲ ಹತ್ತಿರ ನಿಂತಿದ್ದ ತಮ್ಮ ಕೇಶವ, ಯಾರ ಸಲುವಾಗಿ ತುಳಸಿದಾಸ ಈ ಶಿಬಿರಕ್ಕೆ ಒಪ್ಪಿಕೊಂಡಿದ್ದನೋ ಆ ಕೇಶವ, ಚೀಲವನ್ನೊಮ್ಮೆ ನೋಡಿ ಹೊರಗೆ ನಡೆದುಬಿಟ್ಟ.

ಅಣ್ಣ ತಮ್ಮನ ಮನೆಗಳು ಅಕ್ಕಪಕ್ಕ. ಹಿತ್ತಲಲ್ಲಿ ಎರಡೂ ಮನೆಗೆ ಸೇರಿ ಒಂದೇ ಸಂಡಾಸು. ಹೋಳಿ ಹುಣ್ಣಿಮೆಯ ಆಸುಪಾಸು ಒಂದು ಬೆಳಿಗ್ಗೆ ಕೇಶವ ಹೊರಗೆ ಬಂದ ಬೆನ್ನಿಗೇ ತುಳಸಿದಾಸ ಚೀಲ ತೊಳೆಯಲು ಒಳಗೆ ಹೋಗಿದ್ದ. ಸರಿಯಾಗಿ ನೀರು ಹಾಕಿರಲಿಲ್ಲ. ಬಿಳಿ ಕಲ್ಲಿನ ಮೇಲೆ ಕಪ್ಪಿಗೆ ತಿರುಗಿದ ಕೆಂಪು. ಅದರ ಬಣ್ಣ ಅವನಿಗೆ ತನ್ನ ಕೈಗೆರೆಯಷ್ಟೇ ಗುರುತಿತ್ತು. ಎಷ್ಟೋ ದಿನ ಅದನ್ನೇ ನೋಡಿ ನೀರು ಹೊಯ್ದು ಬಂದು ಚಾ ಕುಡಿದವನಲ್ಲವೇ.

ಮಂಗಳೂರಿನಲ್ಲಿ ಆಪರೇಷನ್ ಮಾಡಿದ ಡಾಕ್ಟರು ಆಗಲೇ ಹೇಳಿದ್ದರು, ಒಡಹುಟ್ಟಿದವರೆಲ್ಲ ಒಮ್ಮೆ ಪೈಪ್ ಹಾಕಿಸಿ ಕರುಳು ನೋಡಿಸಿಕೊಳ್ಳಲಿ ಎಂದು. ಕೇಶವ ಆಗ ಹೂಂ ಎಂದಿದ್ದ. ಆ ಹೂಂ ಅಲ್ಲಿಗೇ ನಿಂತಿತು. ಅಣ್ಣ ಕೆಳಗಿಳಿದ ಬೋಟಿಗೆ ಅವನೇ ತಾಂಡೇಲನಾದ. ಒಳ್ಳೆಯ ತಾಂಡೇಲ. ನೀರಿನ ಬಣ್ಣ ನೋಡಿ ಬಂಗಡೆ ಎಲ್ಲಿದೆ ಎಂದು ಹೇಳುವವನು, ತನ್ನದೇ ರಕ್ತ ನೋಡಿ ಮೆಣಸು ಜಾಸ್ತಿಯಾಯ್ತು ಎನ್ನುತ್ತಿದ್ದ.

ಶಿಬಿರದ ಮರುದಿನ ಇಬ್ಬರೂ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ತುಳಸಿದಾಸನಿಗೆ ಈಗ ಉಳಿದ ಕೆಲಸ ಅದೊಂದೇ. ಭಾರ ಎತ್ತುವ ಹಾಗಿಲ್ಲ.

“ಮರ್ಯಾದೆ ತೆಗ್ದೆ ದಾದಾ,” ಎಂದ ಕೇಶವ. ಅವನು ಅಣ್ಣನನ್ನು ದಾದಾ ಎಂದೇ ಕರೆಯುವುದು. “ಇಡೀ ಊರಿನ ಎದುರಿಗೆ ಅಂಗಿ ಎತ್ತೂದಾ?”

“ನಿನ್ನ ಮರ್ಯಾದೆ ಎಲ್ಲಿ ಹೋಯ್ತು? ಚೀಲ ನನ್ನದು.”

“ನಿಂದೇ. ಊಟಕ್ಕೆ ಕೂತ್ರೆ ನನ್ನ ಕಣ್ಣಿಗೆ ಅದೇ ಬತ್ತದೆ.”

“ಬರ್ಲಿ. ಕಾರವಾರಕ್ಕೆ ಬಾ. ಪೈಪ್ ಹಾಕ್ಸು.”

“ಪೈಪ್ ಗೀಪ್ ಆಗೂದಿಲ್ಲ. ಎಲ್ಲಿಗೆ ಹಾಕ್ತಾರೆ ಅಂತ ಗೊತ್ತಿಲ್ವ ನಂಗೆ?”

“ನಿಂಗೆ ಹೆಂಡ್ತಿ ಮಗ ಇಲ್ವನಾ? ಕತ್ತೆ ಹಂಗೆ ಬೆಳ್ದೆ, ಬುದ್ಧಿ—”

ತುಳಸಿದಾಸನ ಹೆಂಡತಿ ದುರ್ಗಾ ಒಳಗಿನಿಂದ ಬಂದು ಇಬ್ಬರ ನಡುವೆ ಚಾ ಇಟ್ಟಳು. ಗಂಡನ ಬಾಯಿ ಮುಚ್ಚಿಸುವ ಅವಳ ಉಪಾಯ ಅದು. ಚಾ ಅರ್ಧ ಆಗುವ ಹೊತ್ತಿಗೆ ಕೇಶವನೇ ಒಂದು ದಾರಿ ತೆಗೆದ. ಸಿಸ್ಟರು ಮನೆಮನೆಗೆ ಸಣ್ಣ ಡಬ್ಬಿ ಕೊಡುತ್ತಿದ್ದಾರಲ್ಲ, ಕಡ್ಡಿಯಲ್ಲಿ ಸ್ವಲ್ಪ ಮಲ ತೆಗೆದು ಹಾಕಿ ಕೊಡುವುದು. ಅದನ್ನು ಕೊಡುತ್ತೇನೆ. ಅದರಲ್ಲಿ ರಕ್ತ ಕಂಡರೆ ಪೈಪ್. ಕಾಣದಿದ್ದರೆ ಈ ಮಾತು ಮತ್ತೆ ಎತ್ತಬಾರದು.

“ದೇವರಾಣೆ?” ಎಂದ ತುಳಸಿದಾಸ.

“ಬೋಟಿನಾಣೆ.”

ಅದಕ್ಕಿಂತ ದೊಡ್ಡ ಆಣೆ ಆ ಮನೆಯಲ್ಲಿ ಇರಲಿಲ್ಲ. ತುಳಸಿದಾಸ ಒಪ್ಪಿದ. ರಕ್ತ ಇದೆಯೆಂದು ಕಣ್ಣಾರೆ ಕಂಡಿದ್ದನಲ್ಲ, ಗೆದ್ದೇ ಬಿಟ್ಟೆ ಎಂದುಕೊಂಡ.

ಡಬ್ಬಿಗಳು ಹೋದವು. ಕೇರಿಯ ಒಂದು ಮನೆಯೂ ಬಾಕಿ ಇಲ್ಲದೆ ಎಲ್ಲರೂ ತುಂಬಿಸಿ ಕೊಟ್ಟರಂತೆ. ನಿಶಾ ಸಿಸ್ಟರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇರೆ ಊರಿನಲ್ಲಿ ಕಾಲು ಹಿಡಿದರೂ ಜನ ಡಬ್ಬಿ ಮುಟ್ಟುವುದಿಲ್ಲ, ಬೇಲೇಕೇರಿಯವರನ್ನು ನೋಡಿ ಕಲಿಯಬೇಕು, ಎಲ್ಲಾ ತುಳಸಿದಾಸಣ್ಣನ ಮಾತಿನ ಪ್ರಭಾವ ಎಂದಳು. ಅವನಿಗೂ ಒಂದೆರಡು ದಿನ ತಲೆ ಎತ್ತಿ ನಡೆಯುವ ಹಾಗಾಯಿತು.

ಆಮೇಲೆ ಒಂದು ಸಂಜೆ ಅವಳೇ ಜಗಲಿಗೆ ಬಂದು ಹೇಳಿದಳು. ಕೇರಿಯಲ್ಲಿ ಯಾರದರಲ್ಲೂ ಏನೂ ಇಲ್ಲ. ಕೇಶವನದೂ ಚೊಕ್ಕ.

“ಕೇಳ್ದ್ಯಾ ದಾದಾ?” ಅವಳು ಹೋದ ಮೇಲೆ ಕೇಶವ ಬಲೆಯಿಂದ ಮುಖ ಎತ್ತದೆ ಹೇಳಿದ. “ಬೋಟಿನಾಣೆ ಹಾಕಿದ್ದೆ.”

“ನಾ ನೋಡಿದ್ದೆ. ಕಣ್ಣಲ್ಲಿ ನೋಡಿದ್ದೆ.”

“ಆವತ್ತು ಮೆಣಸು. ಇವತ್ತು ಚೊಕ್ಕ. ಸಿಸ್ಟರೇ ಹೇಳಿದ್ರು, ನಾ ಹೇಳಿದ್ದಲ್ಲ.”

ತುಳಸಿದಾಸ ಬಲೆಯ ಗಂಟಿಗೆ ಕೈ ಹಾಕಿದ. ತನ್ನ ಕಣ್ಣೇ ಸುಳ್ಳೋ ಎಂದೂ ಅನಿಸಿತು. ಕಾಯಿಲೆ ಬಂದವನಿಗೆ ಎಲ್ಲೆಲ್ಲೂ ಕಾಯಿಲೆಯೇ ಕಾಣುತ್ತದೆ ಎಂದು ಊರವರು ಹೇಳುವುದು ಅವನ ಕಿವಿಗೂ ಬಿದ್ದಿತ್ತು. ಆರಾರು ತಿಂಗಳಿಗೊಮ್ಮೆ ಮಂಗಳೂರಿಗೆ ತಪಾಸಣೆಗೆ ಹೋಗುವಾಗ, ಬಸ್ಸಿನಲ್ಲಿ ಚೀಲ ತುಂಬಿ ವಾಸನೆ ಬಂದೀತೆಂದು ಮುಂಚಿನ ದಿನದಿಂದಲೇ ಅನ್ನ ಬಿಡುವವನು ಅವನು. ಗೆದ್ದವನು ಎಂದು ಬ್ಯಾನರಿನಲ್ಲಿ ಬರೆದವರಿಗೆ ಅದೆಲ್ಲಿ ಗೊತ್ತು.

ಸತ್ಯ ಹೊರಬಿದ್ದದ್ದು ಮೀನು ಕೊಯ್ಯುವ ಹೊತ್ತಿಗೆ, ಏನೂ ಆಗದ ಹಾಗೆ. ಕೇಶವನ ಹೆಂಡತಿ ಪೂರ್ಣಿಮಾ ಹಿತ್ತಲ ಕಲ್ಲಿನ ಮೇಲೆ ಕೂತು ನೊಗಲಿ ಮೀನಿನ ತಲೆ ತೆಗೆಯುತ್ತಿದ್ದಳು. ತುಳಸಿದಾಸ ನೀರಿಗೆಂದು ಬಾವಿಯ ಹತ್ತಿರ ಬಂದವನು ಸುಮ್ಮನೆ ಕೇಳಿದ, ಕೇಶವ ಆ ಡಬ್ಬಿ ತುಂಬಿಸುವಾಗ ತಕರಾರು ಮಾಡಲಿಲ್ಲವೇ ಎಂದು.

“ಅವರೆಲ್ಲಿ ತುಂಬ್ಸಿದ್ರು ಭಾವ? ನಾನೇ ತುಂಬ್ಸಿದ್ದು. ಮೂರೂ ಡಬ್ಬಿಗೆ ನಮ್ಮ ಮಗ ನಿತೇಶಂದೇ ಹಾಕ್ದೆ.”

“ಏನಂದೆ?”

“ನಿತೇಶಂದು. ಒಂದೇ ಮನೆ, ಒಂದೇ ಪಾತ್ರೆ ಅನ್ನ. ಬಂದರದಲ್ಲಿ ಒಂದು ಬುಟ್ಟಿ ತೋರ್ಸಿ ಇಡೀ ಬೋಟಿನ ಮೀನು ಹರಾಜು ಹಾಕೂದಿಲ್ವ? ಹಂಗೇ.” ಅವಳು ಕತ್ತಿ ಒರೆಸಿಕೊಂಡಳು. “ಕೇರಿಯಲ್ಲಿ ಎಲ್ಲಾರೂ ಹಂಗೇ ಮಾಡಿದ್ದು ಭಾವ. ಎಲ್ಲಾರದ್ದೂ ತೆಗೀತಾ ಕೂರೂಕೆ ಆಗ್ತದಾ? ಹೇಸಿಗೆ.”

“ನಿತೇಶಂದೇ ಎಂತಕ್ಕೆ?”

ಪೂರ್ಣಿಮಾ ಅವನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. ಹುಟ್ಟಿದಾಗಿನಿಂದ ಮೀನು ಮಾರಿದವಳು.

“ತೋರ್ಸೂ ಬುಟ್ಟಿಲಿ ಒಳ್ಳೆ ಮೀನೇ ಅಲ್ದಾ ಇಡೂದು?”

ತುಳಸಿದಾಸ ಬೈಯಲು ಬಾಯಿ ತೆರೆದ. ಬೈಯುವುದಾದರೂ ಯಾರನ್ನು? ತಾಂಡೇಲನಾಗಿದ್ದಾಗ ಅವನೂ ಹಾಗೇ ಮಾಡಿದವನು. ಮೆತ್ತಗಾದ ಮೀನು ಅಡಿಗೆ, ಗಟ್ಟಿ ಮೀನು ಮೇಲಕ್ಕೆ. ದಲ್ಲಾಳಿಗೂ ಗೊತ್ತಿರುತ್ತದೆ, ಆದರೂ ಆ ಒಂದು ಬುಟ್ಟಿ ನೋಡಿಯೇ ಕೂಗುತ್ತಾನೆ.

ನಿಶಾ ಸಿಸ್ಟರಿಗೆ ಫೋನ್ ಮಾಡಿದ. ಪೂರ್ಣಿಮಾ ಹೇಳಿದ್ದನ್ನೂ ಹೋಳಿಯ ಹೊತ್ತಿಗೆ ತಾನು ಕಂಡ ರಕ್ತವನ್ನೂ ಹೇಳಿದ. ಮೂಗು ಎಳೆದುಕೊಂಡ ಸದ್ದು ಕೇಳಿತು.

“ನಾ ಎಲ್ಲಾ ಸರಿಯಾಗೇ ಹೇಳಿದ್ನಲ್ಲ ತುಳಸಿದಾಸಣ್ಣ. ಒಬ್ಬೊಬ್ಬರಿಗೆ ಒಂದೊಂದು ಅಂತ.”

“ಒಂದೊಂದು ಡಬ್ಬಿ ಅಂತ ಹೇಳಿದೆ ತಂಗಿ. ಡಬ್ಬಿ ಒಂದೊಂದು ಕೊಟ್ಟಿದಾರೆ.”

“ಮತ್ತೆ ಮನೆಮನೆಗೆ ಬತ್ತೆ ನಾನು. ಆದ್ರೆ ಕೇಶವಣ್ಣಂಗೆ ಡಬ್ಬಿ ಬೇಡ. ರಕ್ತ ಕಣ್ಣಿಗೇ ಕಾಣ್ತದೆ ಅಂದ ಮೇಲೆ, ಅಣ್ಣನಿಗೂ ಆಗಿದೆ ಅಂದ ಮೇಲೆ, ನೇರ ಪೈಪೇ. ಕಾರವಾರಕ್ಕೆ ಕರ್ಕೊಂಡು ಬನ್ನಿ, ಡಾಕ್ಟರ ಹತ್ರ ನಾ ಮಾತಾಡಿ ಇಡ್ತೆ. ತಡ ಮಾಡ್ಬೇಡಿ.”

ತಡ ಮಾಡದೆ ಅವನು ತಮ್ಮನ ಮನೆಗೆ ನುಗ್ಗಿದ. ಬೋಟು ನೀರಿಗಿಳಿಯಲು ಎರಡೇ ದಿನವಿತ್ತು. ಕೇಶವ ಪೂಜೆಗೆ ಉಡುವ ಬಿಳಿ ಪಂಚೆಯನ್ನು ಇಸ್ತ್ರಿ ಮಾಡುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡ. ಡಬ್ಬಿಯ ಸಂಗತಿ ಅವನಿಗೂ ಗೊತ್ತಿರಲಿಲ್ಲ ಎಂಬುದು ಮುಖದಲ್ಲಿ ಕಂಡಿತು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ನಿಂತೇ ಇತ್ತು, ಸುಟ್ಟ ವಾಸನೆ ಬಂದ ಮೇಲೆ ಎತ್ತಿದ.

“ಆಣೆ ಮುರೀತು ಈಗ,” ಎಂದ ತುಳಸಿದಾಸ. “ನಾಳೆ ಬೆಳಿಗ್ಗೆ ಕಾರವಾರ. ಹೊರಡು.”

“ಇಲ್ಲ ದಾದಾ.”

“ಒಳಗೆ ಅದು ಅದೆ ಅಂತ ನಿಂಗೂ ಗೊತ್ತು.”

“ಗೊತ್ತು.”

ಈ ಒಂದು ಮಾತಿಗೆ ತುಳಸಿದಾಸ ತಯಾರಿರಲಿಲ್ಲ. ಅಲ್ಲೇ ಕುಕ್ಕರಿಸಿದ.

“ಗೊತ್ತಿದ್ದೂ?”

“ಆಪರೇಷನ್ ಆಗಿ ಬಂದ್ಮೇಲೆ ನೀ ಒಂದಿನ ಬೋಟಿಗೆ ಬಂದಿದ್ದೆ, ನೆನಪದ್ಯ? ನಿನ್ನ ಕಂಡು ಸೋಮು ಗಂಜಿ ಪಾತ್ರೆ ಎತ್ತಿ ಆಚೆ ಬದಿಗೆ ಇಟ್ಟ. ಒಬ್ರೂ ಏನೂ ಅನ್ನಲಿಲ್ಲ. ನೀ ಇಳ್ದು ಹೋದೆ, ಮತ್ತೆ ಬರಲಿಲ್ಲ. ನಾ ಅಲ್ಲೇ ನಿಂತಿದ್ದೆ ದಾದಾ. ನಾನೂ ಏನೂ ಅನ್ನಲಿಲ್ಲ.”

“ಎಲ್ಲಾರಿಗೂ ಚೀಲ ಬೀಳೂದಿಲ್ಲವಾ. ಬೇಗ ಹೋದ್ರೆ ಬೀಳೂದಿಲ್ಲ. ಅದಕ್ಕೇ ಅಲ್ದಾ ನಾ ಬಡ್ಕಳ್ಳೂದು.”

“ನೀ ಅಂಗಿ ಎತ್ತಿದ ಮೇಲೆ ಆ ಮಾತು ನನ್ನ ತಲೆಗೆ ಹೋಗೂದಿಲ್ಲ. ಚೀಲವೇ ಕಾಣ್ತದೆ.”

ತುಳಸಿದಾಸ ಬೈದ. ಹೆತ್ತವರನ್ನೆಲ್ಲ ಎಳೆದು ತಂದು ಬೈದ, ಅವರು ತನ್ನ ಹೆತ್ತವರೂ ಹೌದು ಎಂಬುದು ಮರೆತು. ಕಾಲು ಹಿಡಿಯುತ್ತೇನೆ ಎಂದ. ದುರ್ಗಾ ಬಂದಳು, ಪೂರ್ಣಿಮಾ ಅತ್ತಳು. ಕೇಶವ ಸುಟ್ಟ ಪಂಚೆ ಮಡಚಿಟ್ಟು ಇನ್ನೊಂದನ್ನು ತೆಗೆದ.

ಆಗಸ್ಟ್ ಒಂದರ ಬೆಳಿಗ್ಗೆ ಬಂದರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೋಟುಗಳಿಗೆ ಹೂವಿನ ಮಾಲೆ, ಕುಂಕುಮ, ಅರಿಶಿನ. ತುಳಸಿದಾಸ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡೇ ಬಂದಿದ್ದ. ಪೂಜೆ ಆದ ಕೂಡಲೇ ಆಳುಗಳ ಎದುರಿಗೇ ಹೇಳಿಬಿಡುವುದು: ನಿಮ್ಮ ತಾಂಡೇಲನಿಗೆ ನನ್ನದೇ ಕಾಯಿಲೆ, ಇವನನ್ನು ಹತ್ತಿಸಿಕೊಳ್ಳಬೇಡಿ. ಹೇಳಿದರೆ ಅವರು ಹತ್ತಿಸಿಕೊಳ್ಳುವುದಿಲ್ಲ, ಅದು ಖಂಡಿತ. ಕೇಶವ ಈ ಜನ್ಮದಲ್ಲಿ ತನ್ನ ಮುಖ ನೋಡದಿದ್ದರೂ ಸರಿ, ದಡದ ಮೇಲೆ ಉಳಿಯುತ್ತಾನೆ.

ಕೇಶವ ಬೋಟಿನ ಮೂತಿಯಲ್ಲಿ ಕೂತು ಪೂಜೆ ಮಾಡಿದ. ತೆಂಗಿನಕಾಯಿ ಒಡೆದು ನೀರಿಗೆ ಬಿಟ್ಟ. ಎದ್ದು ನಿಂತು, ಆಳುಗಳಿಗೆ ಪ್ರಸಾದ ಕೊಡಲು ಆಚೆ ತಿರುಗಿದ. ಬಿಳಿ ಪಂಚೆಯ ಹಿಂಬದಿಯಲ್ಲಿ ಅಂಗೈಯಗಲ ಕೆಂಪು.

“ಏ ತಾಂಡೇಲ,” ಸೋಮು ನಕ್ಕ, “ಕುಂಕುಮದ ತಟ್ಟೆ ಮೇಲೇ ಕೂತಿದ್ಯ? ಹಿಂದೆಲ್ಲ ಹತ್ಯದೆ ಕಾಣು.”

ಉಳಿದವರೂ ನಕ್ಕರು. ಕೇಶವ ನಗಲಿಲ್ಲ. ಹಿಂದೆ ಕೈ ಹಾಕಿ ಮುಟ್ಟಿದ, ಬೆರಳು ನೋಡಿಕೊಂಡ. ಆಮೇಲೆ ಬೋಟು ಕಟ್ಟುವ ಧಕ್ಕೆಯ ಮೇಲೆ ನಿಂತ ಜನರ ನಡುವೆ ಅಣ್ಣನನ್ನು ಹುಡುಕಿದ. ಸಣ್ಣವನಿದ್ದಾಗ ಶಾಲೆಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡ ದಿನ ಹೀಗೇ ಹುಡುಕಿದ್ದ.

ತುಳಸಿದಾಸ ಬೋಟಿಗೆ ಹತ್ತಿದ. ಯಾರನ್ನೂ ನೋಡದೆ ನೇರ ಹೋಗಿ, ಹೆಗಲ ಮೇಲಿದ್ದ ಟವೆಲನ್ನು ತಮ್ಮನ ಸೊಂಟಕ್ಕೆ ಸುತ್ತಿ ಮುಂದೆ ಗಂಟು ಹಾಕಿದ. ಬಾಯಿಯ ತುದಿಯವರೆಗೆ ಬಂದ ಮಾತು ಅಲ್ಲೇ ನಿಂತಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಗಂಜಿಯ ಪಾತ್ರೆ ಸೋಮುವಿನ ಕಾಲ ಬಳಿ ಇತ್ತು.

“ಹೇಳ್ಬೇಡ ದಾದಾ,” ಎಂದ ಕೇಶವ, ಅವನಿಗಷ್ಟೇ ಕೇಳುವ ಹಾಗೆ. “ಈ ಸೀಸನ್ ಮುಗೀಲಿ.”

ತುಳಸಿದಾಸ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದ. ಕೆಳಗಿಳಿದ.

ಎಂಜಿನ್ ಶುರುವಾಯಿತು. ಹೆಂಗಸರು ಕೈಮುಗಿದರು. ಬೋಟು ಬಂದರಿನ ಬಾಯಿ ದಾಟುವವರೆಗೂ ಟವೆಲಿನ ಹಸಿರು ಕಾಣುತ್ತಿತ್ತು. ಇಡೀ ಊರಿಗೆ ಕೇಳುವ ಗಂಟಲು ತನ್ನದು, ಬೇಕಾದಾಗ ಒಂದು ಚೂರು ಸದ್ದು ಹೊರಡಿಸಲಿಲ್ಲ ಎಂದುಕೊಳ್ಳುತ್ತ ಅವನು ನಿಂತಲ್ಲೇ ನಿಂತಿದ್ದ. ಚೀಲ ತುಂಬಿತ್ತು, ಮನೆಗೆ ಹೋಗಬೇಕಿತ್ತು.

ಪೂರ್ಣಿಮಾ ಪಕ್ಕಕ್ಕೆ ಬಂದು ಕೇಳಿದಳು: “ಭಾವ, ಟವೆಲ್ ಎಂತಕ್ಕೆ ಕಟ್ಟಿದ್ರಿ?”

“ಹೊರಗೆ ಗಾಳಿ ಅದೆ,” ಎಂದ ತುಳಸಿದಾಸ. “ಥಂಡಿ ಆಗ್ತದೆ ಅಂವಂಗೆ.”