ಹಿತ್ತಾಳೆಯ ಬಿಲ್ಲೆ

ಸಿಗ್ನಲ್ ಕಂಬಕ್ಕೆ ಇಪ್ಪತ್ತೆರಡು ಮೆಟ್ಟಿಲು. ಹದಿನಾಲ್ಕು ವರ್ಷದಿಂದ ಗೊಲ್ಲಾಳಪ್ಪ ಹೊತ್ತು ಮುಳುಗುವಾಗ ಕಂದೀಲು ಹಿಡಿದು ಅವನ್ನು ಹತ್ತುತ್ತಿದ್ದ. ಅಂಗೈಯಲ್ಲಿ ತುಕ್ಕು ಇಳಿದಿತ್ತು. ರೊಟ್ಟಿ ಮುರಿದರೂ ಚಿಮಣಿ ಎಣ್ಣೆಯ ವಾಸನೆ.

ವಾಡಿ, ಚಿತ್ತಾಪುರಗಳ ನಡುವಿನ ಆ ಸಣ್ಣ ಸ್ಟೇಷನ್ನಿಗೆ ಬಂದಾಗ ಅವನನ್ನು ಕೂಲಿ ಎಂದು ಬರೆದುಕೊಂಡರು. ಆಮೇಲೆ ಖಲಾಸಿ. ಆಮೇಲೆ ಸಿಗ್ನಲ್ ದೀಪ ಹಚ್ಚುವ ಬತ್ತಿವಾಲಾ. ಪ್ರತಿ ಸಲ ಹೊಸ ಕಾಗದ, ಹೊಸ ಹೆಬ್ಬೆಟ್ಟು, ಅದೇ ಮೆಟ್ಟಿಲು.

ಎಳ್ಳ ಅಮಾವಾಸ್ಯೆ ಕಳೆದು ನಾಲ್ಕನೆಯ ದಿನ ಸ್ಟೇಷನ್ ಮಾಸ್ತರ ಅವನನ್ನು ಕರೆಸಿದ.

"ಕುಂದ್ರು."

ಆ ಕೋಣೆಯಲ್ಲಿ ಅವನಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಗೊಲ್ಲಾಳಪ್ಪ ನಿಂತೇ ಇದ್ದ.

"ನಿನಗ ಬಡ್ತಿ ಬಂದದ. ಇನ್ನ ನೀ ಕಾಂಟೇವಾಲಾ."

ಹಳಿ ಕೂಡುವಲ್ಲಿ ಕೀಲು ಎಳೆದು ಗಾಡಿಯನ್ನು ಬೇರೆ ಹಳಿಗೆ ತಿರುಗಿಸುವವನು ಕಾಂಟೇವಾಲಾ. ಮಾಸ್ತರನ ಹೆಂಡತಿಯ ತಮ್ಮ ಅಮೃತಪ್ಪ ಆ ಕೆಲಸದಲ್ಲಿದ್ದ.

"ಅಮೃತಪ್ಪನೋರು, ಸಾಹೇಬ್ರ?"

"ಸೇಡಂಕ್ಕ ಕಳಿಸೀವಿ. ಒತ್ತು ಹೆಬ್ಬೆಟ್ಟು."

ಮಾಸ್ತರ ಕಣ್ಣೆತ್ತಲಿಲ್ಲ. ಗೊಲ್ಲಾಳಪ್ಪ ಅದನ್ನು ಗಮನಿಸಿದ. ಆದರೂ ಒತ್ತಿದ.

ಮನೆಯಲ್ಲಿ ಹೆಂಡತಿ ಯಂಕಮ್ಮ, ಕಾಗದದ ಜೊತೆ ಕೊಟ್ಟಿದ್ದ ಎದೆಗೆ ಸಿಕ್ಕಿಸುವ ಹೊಸ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದಳು. ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದಳು.

"ಕಾಂಟೇವಾಲಾ ಸಾಹೇಬ್ರು ಉಂಬಾಕ ಬರ್ರಿ! ಕಂಬ ಏರೂದು ತಪ್ಪೀತಿಲ್ಲೋ?"

"ಇಲ್ಲ. ಹೊಸಬ ಬರೂತನಾ ದೀಪಾನೂ ನಾನೇ ಹಚ್ಚಬೇಕಂತ."

"ಪಗಾರಾ?"

"ಅದೇ."

ಯಂಕಮ್ಮನ ನಗು ನಿಂತಿತು.

ಗೇಟು ಕಾಯುವ ಶಹಾಬುದ್ದೀನನಿಗೆ ಉರ್ದು ಓದಲು ಬರುತ್ತಿತ್ತು. ಸಂತೋಷದ ಸುದ್ದಿ ಕೇಳಿ ಬಂದವನು ಕಾಗದ ಬಿಡಿಸಿದ. ಓದಿದ. ಮತ್ತೊಮ್ಮೆ ಓದಿದ.

"ತಂಗೀ, ಆ ಬಿಲ್ಲೆ ಜಗಲಿ ಮ್ಯಾಲಿಂದ ತೆಗಿ."

"ಯಾಕ, ಅಣ್ಣಾ?"

"ಈ ಬಹಮನ ತಿಂಗಳ ಒಂದನೇ ತಾರೀಖಿನಿಂದನೇ ಇಂವ ಕಾಂಟೇವಾಲಾ ಅಂತ ಬರದಾರ. ಇವತ್ತ ಹದಿನಾರು. ಹಣಮಪ್ಪ ಸತ್ತದ್ದು ಹನ್ನೊಂದಕ್ಕ."

ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಯಾರೂ ಏಳಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ ಅಮೃತಪ್ಪ ಸೇಂದಿ ಅಂಗಡಿಯಲ್ಲಿದ್ದ. ಹಳಿ ತಿರುಗಿಸುವವರಿಲ್ಲದೆ ಗಾಡಿ ತಪ್ಪು ಹಳಿಗೆ ನುಗ್ಗಿತು. ಅಲ್ಲಿ ಶಹಾಬಾದದ ಫರಸಿ ಕಲ್ಲು ಇಳಿಸುತ್ತಿದ್ದ ಹಮಾಲ ಹಣಮಪ್ಪ ಗಾಡಿಯ ಡಬ್ಬಿಗಳ ನಡುವೆ ಸಿಕ್ಕಿ ನುಜ್ಜುಗುಜ್ಜಾದ. ಗೊಲ್ಲಾಳಪ್ಪ ದೂರದ ಕಂಬದ ಮೇಲಿಂದ ಕೂಗಿದ್ದ. ಯಾರಿಗೂ ಕೇಳಿರಲಿಲ್ಲ.

"ನಾಳೆ ಸಂಜಿ ಗಾಡಿಗಿ ತಪಾಸದ ಸಾಹೇಬ ಬರಾಕತ್ತಾನ," ಎಂದ ಶಹಾಬುದ್ದೀನ. "ಕಾಂಟೇವಾಲಾ ಯಾರು ಅಂತ ಕೇಳ್ತಾನ."

"ನಾ ಕಂಬದ ಮ್ಯಾಲಿದ್ದೆ. ಎಲ್ಲಾರಿಗೂ ಗೊತ್ತದ."

"ಕಂಬದ ಮ್ಯಾಲ ಇರಾಂವ ಬತ್ತಿವಾಲಾ. ಕಾಗದದಾಗ ಬತ್ತಿವಾಲಾನೇ ಇಲ್ಲಪಾ. ಒಂದನೇ ತಾರೀಖಿನಿಂದ ಆ ಜಾಗಾ ಖಾಲಿ."

"ಜೇಲೇನು?" ಎಂದಳು ಯಂಕಮ್ಮ.

ಶಹಾಬುದ್ದೀನ ಕಾಗದ ಮಡಚಿದ. ಅವಳು ಬಿಲ್ಲೆ ಎತ್ತಿಕೊಂಡು ಸೆರಗಿನಿಂದ ವಿಭೂತಿ ಒರೆಸಿದಳು. ನಿಧಾನವಾಗಿ ಕೇಳಿದಳು:

"ಹಂಗಾದ್ರ ನಾಳೆ ದೀಪ ಯಾರು ಹಚ್ತಾರ?"

ಮರುದಿನ ಹೊತ್ತು ಇಳಿಯಿತು. ಗೊಲ್ಲಾಳಪ್ಪ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಮಾಸ್ತರನ ಕೋಣೆಯ ಎದುರು ನೆಲದ ಮೇಲೆ ಕೂತಿದ್ದ. ಸುತ್ತ ಕಲ್ಲಿನ ಹಮಾಲರು. ಪಡಸಾಲೆಯ ಕಂಬಕ್ಕೆ ಒರಗಿ ಕೂತವಳು ಹಣಮಪ್ಪನ ಹೆಂಡತಿ ಭೀಮಮ್ಮ. ಆರು ದಿನದಿಂದ ಅವಳು ಮಾತಾಡಿರಲಿಲ್ಲ.

ಮಾಸ್ತರ ಹೊರಗೆ ಬಂದ. "ಏ, ಕತ್ತಲಾಗಾಕತ್ತದ. ದೀಪ?"

"ಬತ್ತಿವಾಲಾಗ ಹೇಳ್ರಿ."

"ನೀನೇ ಅಲ್ಲೇನಲೇ!"

"ನಾ ಕಾಂಟೇವಾಲಾ ಅಲ್ರೀ? ಒಂದನೇ ತಾರೀಖಿನಿಂದ."

ಹಮಾಲರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಮಾಸ್ತರನ ಮುಖ ಕಪ್ಪಿಟ್ಟಿತು. "ಶಹಾಬುದ್ದೀನ, ನೀ ಏರು."

"ನಾ ಗೇಟವಾಲಾ, ಹುಜೂರ."

"ನೀವರೆ ಏರ್ರಲೇ!"

"ನಾವು ಹಮಾಲರ್ರಿ."

"ಜೇಲಿಗಿ ಹಾಕಸ್ತೀನಿ ನಿನಗ, ಗೊಲ್ಲಾಳ್ಯಾ!"

"ಅದು ನೀವು ನಿನ್ನೇನೇ ಬರದೀರಲ್ರಿ."

ಆಕಾಶ ಆರಿತು. ಕಂಬ ಕಾಣದಾಯಿತು. ದೂರದಲ್ಲಿ ಗಾಡಿ ಬಂದು ದೀಪವಿಲ್ಲದ ಸಿಗ್ನಲ್ಲಿನ ಹೊರಗೆ ನಿಂತಿತು. ದೀಪ ಕಾಣದಿದ್ದರೆ ನಿಲ್ಲಬೇಕು, ಅದು ಕಾನೂನು. ಸೀಟಿ ಊದಿತು. ಮತ್ತೆ ಊದಿತು. ಮಾಸ್ತರ ತಾನೇ ಕಂದೀಲು ಎತ್ತಿದ. ಕಡ್ಡಿ ಗೀರಿದ, ಆರಿತು. ಇನ್ನೊಂದು ಗೀರಿದ. ಅದೂ ಆರಿತು.

ಆಮೇಲೆ ಹಳಿಗುಂಟ ಒಂದು ಸಣ್ಣ ಬೆಳಕು ತೂಗಾಡುತ್ತ ಬಂತು. ಬೂಟಿನ ಕೆಳಗೆ ಜಲ್ಲಿ ಕರಕರ ಎಂದಿತು. ಹಿಂದೆ ಇಬ್ಬರು ಪೊಲೀಸರು. ಸಾಹೇಬನಿಗೆ ಸಿಟ್ಟು ನೆತ್ತಿಗೇರಿತ್ತು.

"ಬತ್ತಿವಾಲಾ ಕೌನ್ ಹೈ?"

ಮಾಸ್ತರನ ಬೆರಳು ತಾನಾಗಿಯೇ ಗೊಲ್ಲಾಳಪ್ಪನ ಕಡೆ ಎದ್ದಿತು.

ಗೊಲ್ಲಾಳಪ್ಪ ಒಂದನೇ ತಾರೀಖಿನಿಂದ ಕಾಂಟೇವಾಲಾ ಎಂದು ಮಾಸ್ತರ ಬರೆದಿದ್ದ ಕಾಗದವನ್ನು ಶಹಾಬುದ್ದೀನ ಬಿಡಿಸಿ ಸಾಹೇಬನ ಲಾಟೀನಿಗೆ ಹಿಡಿದ. ಬೆರಳು ಇಳಿಯತೊಡಗಿತು. ಆಗ ಭೀಮಮ್ಮ ಎದ್ದಳು.

"ಹಂಗೇ ಹಿಡಕೊಂಡಿರ್ರಿ ಆ ಬಟ್ಟು," ಎಂದಳು. "ಇಳಸಬ್ಯಾಡ್ರಿ."