ಅತ್ಯುತ್ತಮ ಡಬ್ಬಿಂಗ್ ಕಲಾವಿದೆ

ಮೇಪಲ್ ಎಲೆ ಒದ್ದೆಯಾದರೆ ಭಾರ, ಪೂರ್ತಿ ಒಣಗಿದರೆ ಗಾಳಿಗೆ ಓಡುತ್ತದೆ, ಅಕ್ಟೋಬರಿನ ಈ ಒಂದು ವಾರ ಮಾತ್ರ ಹೇಳಿದ ಹಾಗೆ ಕೇಳುತ್ತದೆ, ಗುಡ್ಡೆ ಹಾಕಿ ಕಾಗದದ ಚೀಲಕ್ಕೆ ತುಂಬಿ ಕಾಲಿನಿಂದ ಒತ್ತಬೇಕು, ಇದು ನಾಲ್ಕನೆಯ ಚೀಲ — ಡೆಕ್ಕಿನ ಕಟಕಟೆಗೆ ಒರಗಿಸಿದ ಫೋನಿನಲ್ಲಿ ಕೊಚ್ಚಿಯ ಸಂಜೆ, ಇಲ್ಲಿ ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ಬೆಳಗಿನ ಒಂಬತ್ತೂವರೆ, ಮಲಯಾಳಂ ಸಿನಿಮಾದ ವರ್ಷದ ಪ್ರಶಸ್ತಿಗಳು, ಈಗ ಸಂಕಲನ, ಆಮೇಲೆ ಡಬ್ಬಿಂಗ್. ಡಬ್ಬಿಂಗ್ ಅಂದರೆ ಸ್ಮಿತಾ. ಪಟ್ಟಿ ಹೊರಬಂದು ತಿಂಗಳಾಯಿತು, ಅತ್ಯುತ್ತಮ ಡಬ್ಬಿಂಗ್ ಕಲಾವಿದೆ ಸ್ಮಿತಾ, ಆ ಚಿತ್ರದಲ್ಲಿ ಅವಳು ಹೇಳಿದ್ದು ನಾಲ್ಕೇ ಮಾತು, ಉಳಿದ ಎರಡು ಗಂಟೆ ನಾಯಕಿಯ ಬಾಯಿಂದ ಬರುವುದೆಲ್ಲ ನಾನು, ವಿಜಯಶ್ರೀ, ಕಾಸರಗೋಡಿನವಳು, ಇಲ್ಲೇ ಬಟ್ಟೆ ತೂಗುಹಾಕುವ ಕ್ಲಾಸೆಟ್ಟಿನಲ್ಲಿ ಕೂತು ಹೇಳಿ ಕೊಚ್ಚಿಗೆ ಕಳಿಸಿದ್ದು. ನಾಯಕಿ ಮುಂಬೈ ಹುಡುಗಿ, ಮಲಯಾಳಂ ಬಾರದು, ಪಾತ್ರವೋ ನಮ್ಮ ಕಡಲ ಕಡೆಯ ಮೀನು ಮಾರುವವಳದು, ಆ ಎಳೆತ ಕೊಚ್ಚಿಯವರ ನಾಲಗೆಗೆ ಬರುವುದಿಲ್ಲ. ನಿನ್ನೆ ಸ್ಮಿತಾಳಿಗೆ ಬರೆದೆ, ನನಗೆ ಗ್ರೀನ್ ಕಾರ್ಡ್ ಬಂತು, ಇನ್ನು ಹೆದರಿಕೆಯಿಲ್ಲ, ವೇದಿಕೆಯ ಮೇಲೆ ನನ್ನ ಹೆಸರು ಒಂದು ಸಲ ಹೇಳು, ಪ್ರಶಸ್ತಿ ನೀನೇ ಇಟ್ಟುಕೋ. ಅವಳು ಒಂದು ಕೆಂಪು ಹೃದಯ ಕಳಿಸಿದಳು. ಹೃದಯ ಅಂದರೆ ಹೂಂ ಎಂದೇ ಇರಬೇಕು.

ಅಡುಗೆಮನೆಯ ಕಿಟಕಿಯಿಂದ ಗಂಡ ಅಶ್ವತ್ಥ, ಲೇ ವಿಜಿ, ಹಿಂದ್ಗಡೆ ಹಾಗೇ ಬಿಟ್ಬಿಟ್ಟಿದೀಯಲ್ಲ, ಬಡಾವಣೆ ಅಸೋಸಿಯೇಷನ್‌ನವ್ರು ಮತ್ತೆ ಲೆಟರ್ ಹಾಕ್ತಾರೆ. ನೀವೇ ಬಂದು ಒಂದು ಕೈ ಹಾಕಿ ಅಂದೆ. ಬೆನ್ನು ಹಿಡ್ಕೊಂಡಿದೆ ಕಣೇ. ಈ ಮನುಷ್ಯನ ಬೆನ್ನು ಎಲೆ ಉದುರುವಾಗಲೇ ಹಿಡಿದುಕೊಳ್ಳುತ್ತದೆ, ಹಿಮ ಬಿದ್ದಾಗಲೂ, ಹೆಂಡತಿಯ ಹೆಸರು ಅಳಿಸುವಾಗ ಮಾತ್ರ ಏನೂ ಆಗಲಿಲ್ಲ. ಎರಡು ಸಾವಿರದ ಇಪ್ಪತ್ತೊಂದು, ನನ್ನ ವರ್ಕ್ ಪರ್ಮಿಟ್ ರಿನ್ಯೂ ಆಗದೆ ಸಿಕ್ಕಿಕೊಂಡಿತ್ತು, ದುಡ್ಡು ಬೇಡ, ಬರೀ ಹೆಸರು ಹಾಕಿಸಿಕೊಳ್ಳುತ್ತೇನೆ ಅಂದಿದ್ದೆ, ಅಷ್ಟಕ್ಕೇ ಲ್ಯಾನ್‌ಹ್ಯಾಮ್ ದೇವಸ್ಥಾನದ ಪಾರ್ಕಿಂಗಿನಲ್ಲಿ ಕಾರಿನ ಬಾನೆಟ್ ಮೇಲೆ ಪುಳಿಯೋಗರೆ ಡಬ್ಬ ಬಿಚ್ಚಿ, ಮಾಸ್ಕು ಗದ್ದಕ್ಕಿಳಿಸಿ ಕೇಶವಮೂರ್ತಿ ಅಂಕಲ್ ತೀರ್ಪು ಕೊಟ್ಟರು, ನೋಡಮ್ಮ, ಹೆಸರು ಬಂದ್ರೆ ಗೂಗಲ್ ಮಾಡ್ತಾರೆ, ಗೂಗಲ್ ಮಾಡಿದ್ರೆ ಇಲ್ಲೀಗಲ್ ಕೆಲಸ ಅಂತಾರೆ, ಆಮೇಲೆ ನಿನ್ ಗಂಡನ್ ಫೈಲೂ ಡಿನೈ. ಸಾವಿರದ ಒಂಬೈನೂರ ಅರವತ್ತೇಳರಲ್ಲೇ ಡಾಕ್ಟರಾಗಿ ಬಂದವರು, ವೀಸಾದ ಕ್ಯೂ ಹೇಗಿರುತ್ತದೆಂದು ಕಂಡವರಲ್ಲ, ಆದರೂ ದೇವಸ್ಥಾನಕ್ಕೆ ಬರುವವರೆಲ್ಲ ಅವರನ್ನೇ ಕೇಳುವುದು. ಲಾಯರನ್ನ ಕೇಳೋಣ ಅಂದೆ. ಅಂಕಲ್‌ಗಿಂತ ಜಾಸ್ತಿ ಗೊತ್ತಾ ಲಾಯರ್‌ಗೆ, ಅಂದ ಅಶ್ವತ್ಥ, ಅವತ್ತು ಸಂಜೆಯೇ ನನ್ನ ಐಡಿಯಿಂದ ಮೇಲ್ ಹಾಕಿದ, ದಯವಿಟ್ಟು ನನ್ನ ಹೆಸರು ಎಲ್ಲಿಯೂ ಬೇಡ. ಡಬ್ಬಿಂಗ್ ನೋಡಿಕೊಳ್ಳುತ್ತಿದ್ದ ಸುರೇಂದ್ರನ್, ನನ್ನನ್ನು ಅಕ್ಕ ಎಂದು ಕರೆಯುವವನು, ಚೇಚಿ, ಟೈಟಲ್ ಕಾರ್ಡಲ್ಲಿ ಜಾಗ ಖಾಲಿ ಬಿಡೋಕಾಗಲ್ಲ, ಸ್ಮಿತಾಳದು ಹಾಕ್ತೀನಿ ಎಂದ. ಈ ಜೂನಿನಲ್ಲಿ ಕಾರ್ಡ್ ಬಂದಾಗ ಲಾಯರನ್ನು ಕೇಳಿದೆ, ಆತ ನಕ್ಕುಬಿಟ್ಟ, ಒಂದು ಹೆಸರನ್ನು ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲ ಅಂದ.

ಬಂದಳು. ಸ್ಮಿತಾಳೇ, ಜರಿಯಂಚಿನ ಕಸವು ಸೀರೆ, ಹಣೆಗೆ ಚಂದನ, ಫೋನಿನ ಗಾಜಿಗೆ ಎಲೆಯ ಧೂಳು, ತೋಳಿನಿಂದ ಒರೆಸಿದೆ, ತೀರ್ಪುಗಾರರ ಮಾತು ಓದುತ್ತಿದ್ದಾರೆ, ತಾಯಿಯ ಶವದ ಮುಂದೆ ಮಗಳ ಮೂರು ಕರೆ, ಮೂರನೆಯದನ್ನು ಒಳಕ್ಕೇ ನುಂಗಿದ ಅಪೂರ್ವ ಸಂಯಮ — ಸಂಯಮವಂತೆ, ಊರಿನಲ್ಲಿ ನನ್ನ ಅಮ್ಮ ಮಂಗಳವಾರ ತೀರಿಹೋದಳು, ಕೋವಿಡ್, ವಿಮಾನವಿಲ್ಲ, ಇದ್ದರೂ ಪರ್ಮಿಟ್ ಸಿಕ್ಕಿಕೊಂಡಿರುವಾಗ ಹೋದರೆ ನಾನು ವಾಪಸು ಬರುವ ಹಾಗಿಲ್ಲ, ಬುಧವಾರಕ್ಕೆ ಆ ದೃಶ್ಯ, ಸುರೇಂದ್ರನ್ ಅಂದ, ಚೇಚಿ, ಇವತ್ತು ಬೇಡ, ನಾನು ಇವತ್ತೇ ಅಂದೆ, ಕ್ಲಾಸೆಟ್ಟಿನ ಬಾಗಿಲು ಹಾಕಿಕೊಂಡು ಒಂದೇ ಟೇಕ್, ಅಮ್ಮನಿಗೆ ನಾನು ಮಾಡಿದ ಕರ್ಮ ಅಷ್ಟೇ, ಮಣ್ಣೂ ಹಾಕಲಿಲ್ಲ, ನೀರೂ ಬಿಡಲಿಲ್ಲ. ಸ್ಮಿತಾ ನಿರ್ಮಾಪಕರಿಗೆ ನಮಸ್ಕಾರ ಹೇಳಿದಳು, ನಿರ್ದೇಶಕರಿಗೆ, ಸುರೇಂದ್ರನ್‌ಗೆ, ಗುರುವಾಯೂರಪ್ಪನಿಗೆ, ಈಗ ಹೇಳುತ್ತಾಳೆ, ಉಸಿರು ತೆಗೆದುಕೊಂಡಳು, ಈಗ — ನಿರೂಪಕಿ ಮುಂದೆ ಬಂದು, ಆ ಕರೆಯನ್ನ ನಮಗಾಗಿ ಒಂದ್ಸಲ? ಸಭೆಯೆಲ್ಲ ಚಪ್ಪಾಳೆ. ಸ್ಮಿತಾ ಕಣ್ಣು ಮುಚ್ಚಿ ಅಮ್ಮೇ ಎಂದಳು, ನನ್ನ ಎಳೆತದಲ್ಲೇ ಮತ್ತೆ ಅಮ್ಮೇ, ಮೂರನೆಯದಕ್ಕೆ ಸೆರಗೆತ್ತಿ ಬಾಯಿಗೆ ತುರುಕಿಕೊಂಡಳು, ಬಟ್ಟೆ ಕಚ್ಚುವುದನ್ನೂ ಸೇರಿಸಿ ಕಲಿತುಕೊಂಡಿದ್ದಾಳೆ, ವಿಡಿಯೊ ಕಾಲಿನಲ್ಲಿ ನೋಡಿದ್ದ ಸುರೇಂದ್ರನ್ ಹೇಳಿರಬೇಕು, ಅವತ್ತು ಗೋಡೆಯಾಚೆ ಮಗಳು ಮಾಯಾ ಮಲಗಿದ್ದಳು, ಮಗು ಏಳಬಾರದೆಂದು ನಾನು ಕ್ಲಾಸೆಟ್ಟಿನಲ್ಲಿ ಎದುರಿಗೆ ತೂಗುತ್ತಿದ್ದ ಅಶ್ವತ್ಥನ ಉಣ್ಣೆಕೋಟಿನ ತೋಳು ಕಚ್ಚಿ ಹಿಡಿದದ್ದು. ಸಭೆ ಎದ್ದು ನಿಂತಿದೆ. ಅವಳು ಕೈ ಮುಗಿದು ಇಳಿದುಹೋದಳು, ಹೆಸರು ಬರಲಿಲ್ಲ, ಇನ್ನು ಬರುವುದಿಲ್ಲ. ಅಶ್ವತ್ಥ ಕಾಫಿ ಲೋಟ ಹಿಡಿದು ಹೊರಗೆ ಬಂದ, ಫೋನಿನತ್ತ ಬಗ್ಗಿದ, ಅಲ್ಲಿ ಸ್ಮಿತಾ ಕರೆದ ಅದೇ ತುಣುಕು ಮತ್ತೆ ತೋರಿಸುತ್ತಿದ್ದಾರೆ, ಯಾರೇ ಅದು, ಸಖತ್ತಾಗಿ ಅಳ್ತಾಳಲ್ಲ, ಅಂದ, ನಾನು ಏನೋ ಹೇಳಬೇಕು, ಬಾಯಿ ತೆರೆದರೆ ಆ ಕೋಟಿನ ಉಣ್ಣೆ, ಒಗರು, ಒದ್ದೆ, ನ್ಯಾಫ್ತಲೀನ್ ಗುಳಿಗೆಯ ವಾಸನೆ, ಹಲ್ಲಿನ ಸಂದಿಯಲ್ಲಿ ಒಂದು ಕಪ್ಪು ಎಳೆ, ತೆಗೆದಷ್ಟೂ ಉದ್ದ, ಹಲ್ಲಿನ ಸಂದಿಯಲ್ಲಿ ಆ ಎಳೆ —