ಕಾಗದದ ಕಿಟಕಿಗಳು

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದವಳು, ಕಾಲು ಓಡಿದ ಹಾಗೆ ನಾಲಿಗೆಯೂ ಓಡುತ್ತದೆ. ಹೋದ ತಿಂಗಳು ದಾರ ಕಡಿಯುತ್ತಾ ತಮ್ಮನಿಗೆ ಅಂದಿದ್ದೆ, "ನಿನ್ನ ಹೆಂಡ್ತಿನ ಯಾರೋ ಕಿಟಕಿಗೇ ಹೊಲಿದುಬಿಟ್ಟಿದಾರೆ ಕಣೋ. ಬೀದಿಲಿ ಹೋಗೋ ಒಬ್ಬರನ್ನೂ ಬಿಡಲ್ಲ, ಎಲ್ಲರನ್ನೂ ಮಾತಾಡಿಸ್ತಾಳೆ."

ತಮಾಷೆಗೆ ಅಂದದ್ದು. ಅವನು ನಗಲಿಲ್ಲ. "ಯಾರ್ಯಾರನ್ನ?" ಎಂದ. ನಾನೂ ದೊಡ್ಡ ಮನುಷ್ಯಳ ಹಾಗೆ ಒಬ್ಬೊಬ್ಬರನ್ನೇ ಒಪ್ಪಿಸಿದೆ: ಹಾಲಿನವನು, ಪೇಪರಿನವನು, ಎದುರುಮನೆ ಮೇಷ್ಟ್ರು. ಥೂ, ನನ್ನ ನಾಲಿಗೆ ಸೇದಿಹೋಗಬಾರದಿತ್ತೇ.

ನಾವು ಮೂವರಿರುವುದು ಬಾಡಿಗೆ ಮನೆಯಲ್ಲಿ. ಬೀದಿಗೆ ಇರುವುದು ಅದೊಂದೇ ಕಿಟಕಿ. ಅಪ್ಪ ಬಿಟ್ಟುಹೋದ ಸೈಟು ಮಾತ್ರ ನನ್ನ ಮತ್ತು ತಮ್ಮನ ಹೆಸರಿನಲ್ಲಿದೆ, ಮನೆ ಕಟ್ಟಲು ಪ್ಲಾನಿಗೆ ಇಬ್ಬರ ಸಹಿಯೂ ಬೇಕು. ಕಿಟಕಿಗಳ ಅಳತೆಯನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿ ಎಂದು ಎಂಜಿನಿಯರ್ ಹೇಳಿ ಕಳಿಸಿದ್ದರಂತೆ. ತಮ್ಮ ಒಬ್ಬನೇ ಕೂತು ತೀರ್ಮಾನಿಸಿ, ಪ್ಲಾನಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ತಂದಿದ್ದ.

"ನಿಂದು ನೋಡಕ್ಕ, ಐದಡಿ ಅಗಲ, ನಾಲ್ಕಡಿ ಎತ್ತರ. ಮಿಷನ್ ಮುಂದೆ ಬೆಳಕೋ ಬೆಳಕು. ಇಲ್ಲಿ ಸೈನ್ ಹಾಕು."

ನನಗೆ ಹಿಗ್ಗೋ ಹಿಗ್ಗು. ಆದರೆ ಹಾಳೆಯ ಮೇಲಿನ ಅಂಕಿ ನನ್ನ ತಲೆಗೆ ಹತ್ತುವುದಿಲ್ಲ. ರವಿಕೆಯಾಗಲಿ ಕೋಟಾಗಲಿ, ಮೊದಲು ಕಾಗದವನ್ನು ಪೂರ್ತಿ ಅಳತೆಗೆ ಕತ್ತರಿಸಿ, ಮೈಮೇಲಿಟ್ಟು ನೋಡಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕುವವಳು ನಾನು.

"ಸಂಜೆ ಬಾ, ಕಾಗದದಲ್ಲಿ ಕತ್ತರಿಸಿ ನೋಡಿ ಹಾಕ್ತೀನಿ."

"ಅದೆಲ್ಲ ಯಾಕಕ್ಕ?" ಎಂದು ಗೊಣಗಿ, ಪ್ಲಾನನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋದ.

ನಾನೂ ತಮ್ಮನ ಹೆಂಡತಿಯೂ ಹಳೇ ಪೇಪರುಗಳನ್ನು ಅಂಟಿಸಿ ಕಿಟಕಿಗಳನ್ನು ಕತ್ತರಿಸತೊಡಗಿದೆವು. ನನ್ನದು ಅರ್ಧ ಗೋಡೆ ತುಂಬಿತು. ಅಡುಗೆಮನೆಯದು, ತಮ್ಮನ ಕೋಣೆಯದು ಆಯಿತು. ಉಳಿದದ್ದು ಅವಳ ಕೋಣೆ.

"ನಿನಗೆ ಬೇರೆ ರೂಮೇನೇ, ಮಹಾರಾಣಿ!"

"ನಾನು ಕೇಳಿಲ್ಲಕ್ಕ. ಅವರೇ ಬರೆಸಿದ್ದು."

ಹನ್ನೆರಡು ಇಂಚು ಅಗಲ, ಆರು ಇಂಚು ಎತ್ತರ. ನೆಲದಿಂದ ಏಳಡಿ ಮೇಲೆ. ತಪ್ಪು ಬರೆದಿದ್ದಾನೆಂದುಕೊಂಡೇ ಸ್ಟೂಲು ಹತ್ತಿ ಗೋಡೆಗೆ ಚುಚ್ಚಿದೆ. ಅವಳು ಕೆಳಗೆ ನಿಂತು ಕೈ ಎತ್ತಿದಳು. ಎಟುಕಲಿಲ್ಲ. ತುದಿಗಾಲಲ್ಲಿ ನಿಂತಳು. ಆಗಲೂ ನಾಲ್ಕು ಬೆರಳು ಕಡಿಮೆ.

ಅವಳ ಭುಜ ಹದಿಮೂರೂವರೆ ಇಂಚೆಂದು ನನಗೆ ಬಾಯಿಪಾಠ. ಹನ್ನೆರಡರಲ್ಲಿ ತೂರುವುದಿಲ್ಲ. ಆಗ ನೆನಪಾಯಿತು. ಹೋದ ವಾರ ತಮ್ಮ ನನ್ನ ಅಳತೆ ಪುಸ್ತಕ ಕೇಳಿ ಇಸಕೊಂಡಿದ್ದ. ಹೆಂಡತಿಗೆ ಸ್ವೆಟರ್ ತರಬೇಕು ಅಂದಿದ್ದ. ಪುಸ್ತಕ ವಾಪಸ್ ಬಂತು, ಸ್ವೆಟರ್ ಬರಲಿಲ್ಲ. ಅದರಲ್ಲಿ ಅವಳ ಎತ್ತರ, ತೋಳಿನ ಉದ್ದ, ಭುಜ ಎಲ್ಲವನ್ನೂ ನನ್ನ ಕೈಯಾರೆ ಬರೆದಿದ್ದೇನೆ.

ಪ್ಲಾನನ್ನು ಬೆಳಕಿಗೆ ಹಿಡಿದೆ. ಅವಳ ಬಾಗಿಲ ಪಕ್ಕ ಸಣ್ಣಗೆ 'ಚಿಲಕ ಹೊರಗೆ' ಎಂದಿತ್ತು. ನನ್ನ ಐದಡಿ ಕಿಟಕಿ ಬೀದಿಗಿರಲಿಲ್ಲ. ಅದು ಒಳಗಿನ ಅಂಗಳಕ್ಕೆ ತೆರೆಯುತ್ತಿತ್ತು, ಅವಳ ಬಾಗಿಲಿಗೆ ನೇರ ಎದುರಾಗಿ. ಅವಳೂ ಬೆರಳಿಟ್ಟು ಓದಿದಳು.

ಬೆಳಕಿರುವಾಗಲೇ ತಮ್ಮ ಬಂದ.

"ನನ್ನ ಕಿಟಕಿ ಬೀದಿಗೆ ಯಾಕಿಲ್ವೋ?"

"ಬೀದಿ ಕಟ್ಟಿಕೊಂಡು ನಿನಗೇನಕ್ಕ? ನೀನು ಆರಾಮಾಗಿ ಹೊಲೀತಾ ಕೂತಿರ್ತೀಯ, ಎದುರಿಗೆ ಅವಳ ಬಾಗಿಲಿರುತ್ತೆ. ಹೇಗೂ ಎಲ್ಲಾನೂ ನೋಡಿ ನನಗೆ ಹೇಳ್ತೀಯಲ್ಲ."

ಪ್ರೀತಿಯಿಂದಲೇ ಅಂದ. ಈ ಪಾಪಕ್ಕೆ ನೂಲು ಕೊಟ್ಟವಳು ನಾನೇ. ನನ್ನ ದೊಡ್ಡ ಕಾಗದವನ್ನು ಕಿತ್ತು, ಸ್ಟೂಲು ಹತ್ತಿ ಅವಳ ಚೂರಿನ ಮೇಲೆ ಚುಚ್ಚಿದೆ. ಗುಂಡುಸೂಜಿ ಬೆರಳಿಗೂ ಚುಚ್ಚಿತು.

"ಇದು ಅವಳಿಗೆ, ಬೀದಿ ಕಡೆಗೆ. ಚಿಲಕ ಒಳಗೆ. ಆಗ ಸೈನ್ ಹಾಕ್ತೀನಿ, ಇಲ್ಲಾಂದ್ರೆ ಇಲ್ಲ."

ಅವನು ಕೂಗಾಡುತ್ತಾನೆಂದುಕೊಂಡಿದ್ದೆ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ. "ಅವಸರ ಏನಿಲ್ಲಕ್ಕ. ಇಬ್ಬರೂ ಕೂತು ನಿಧಾನಕ್ಕೆ ಯೋಚನೆ ಮಾಡಿ."

ಹೊರಗೆ ಹೋದ. ಚಿಲಕ ಬಿದ್ದ ಸದ್ದಾಯಿತು, ಹಿಂದೆಯೇ ಬೀಗದ್ದು.

ಅವಳು ಬೀದಿಯ ಕಿಟಕಿಗೆ ಓಡಿದಳು. ಅಷ್ಟರಲ್ಲಿ ಅವನು ಹೊರಗಿನಿಂದ ಅದರ ಒಂದು ಬಾಗಿಲನ್ನು ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ. ಅವಳು ಸರಳುಗಳ ನಡುವೆ ತೋಳು ತೂರಿಸಿ ಅಡ್ಡ ಇಟ್ಟಳು. ಊರೆಲ್ಲ ಮಾತಾಡಿಸುವವಳಿಗೆ ಆಗ ದನಿಯೇ ಹೊರಡಲಿಲ್ಲ. ಕದ ತೋಳನ್ನು ಒತ್ತುತ್ತಿತ್ತು. ನಾನೂ ಅವಳ ತೋಳಿನ ಪಕ್ಕಕ್ಕೆ ನನ್ನ ತೋಳು ಚಾಚಿದೆ.

"ಕೈ ತೆಗಿಯಕ್ಕ, ನೋವಾಗುತ್ತೆ," ಎಂದ ತಮ್ಮ, ಒತ್ತುವುದನ್ನು ಬಿಡದೆ.

ಸುಮ್ಮನಿರದ ಬಾಯಿ ನನ್ನದು. "ಮೇಷ್ಟ್ರೇ!" ಎಂದು ಬೀದಿ ಹಾರಿಹೋಗುವ ಹಾಗೆ ಕಿರುಚಿದೆ. "ಮೇಷ್ಟ್ರೇ, ಬನ್ನಿ! ನಮ್ಮನ್ನ ಕೂಡಿ ಹಾಕ್ತಿದಾನೆ!"

ಎದುರುಮನೆಯ ಕಿಟಕಿ ತೆರೆಯಿತು. ಮೇಷ್ಟ್ರು ನಮ್ಮ ತೋಳುಗಳನ್ನು ನೋಡಿದರು, ತಮ್ಮನನ್ನು ನೋಡಿದರು. ತಮ್ಮ ನಗುತ್ತಾ ಅವರತ್ತ ಕೈ ಬೀಸಿದ. ಆ ಕಿಟಕಿ ಮುಚ್ಚಿಕೊಂಡಿತು.

ನಾನು ಕೈ ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ. ಸಂಜೆ ಹಾಲಿಗೆ ಹಾಲಿನವನು ಬರುವ ಹೊತ್ತಾಗಿತ್ತು, ನಾನು ಕಿರುಚುತ್ತಲೇ ಇದ್ದೆ.